ನಾಲ್ಕೂರಿಗೆ ಒಂದೇ ಉತ್ತರ

ಹಾನಗಲ್ಲಿನ ಕೌಮುದಿ ಸ್ಕ್ಯಾನ್ ಸೆಂಟರಿನ ಮೇಲಂತಸ್ತಿನ ಆಫೀಸಿನಲ್ಲಿ ಅರ್ಧ ಗೋಡೆ ನುಂಗುವಂಥ ಒಂದು ಟಿ.ವಿ. ಇತ್ತು. ಅದರ ಮೇಲೆ ಇಡೀ ದಿನ ನಾಲ್ಕು ಊರುಗಳ ಹೆಸರು ನಿಂತಿರುತ್ತಿದ್ದವು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು. ಸೆಂಟರಿಗೆ ಈ ನಾಲ್ಕೂ ಊರಲ್ಲಿ ಶಾಖೆಗಳಿದ್ದವು. ಪ್ರತಿ ಶಾಖೆಯಲ್ಲೂ ಎಕ್ಸ್‌ರೇ, ಸ್ಕ್ಯಾನಿಂಗ್ ಚಿತ್ರಗಳನ್ನು ಕೂಡಿಡುವ ಒಂದೊಂದು ಸರ್ವರ್ ಇತ್ತು. ಆ ಸರ್ವರುಗಳೆಲ್ಲ ಕ್ಷೇಮವಾಗಿವೆ ಎಂದು ಸಾರಲು ಪ್ರತಿ ಹೆಸರಿನ ಕೆಳಗೂ ಹಸಿರು ಪಟ್ಟಿಗಳು ಹೊಳೆಯುತ್ತಿದ್ದವು. ಸೆಂಟರಿನ ಒಡೆಯರಾದ ಡಾಕ್ಟರ ತಮ್ಮ, ಆಡಳಿತ ನೋಡಿಕೊಳ್ಳುವ ಮೃತ್ಯುಂಜಯ, ಬಂದವರನ್ನೆಲ್ಲ ಮೊದಲು ತಂದು ಈ ಟಿ.ವಿ.ಯ ಮುಂದೆ ನಿಲ್ಲಿಸುತ್ತಿದ್ದ. ಔಷಧ ಕಂಪನಿಯವನು ಬಂದರೂ ಸರಿ, ಮನೆಯ ಬೀಗರು ಬಂದರೂ ಸರಿ.

“ಇಲ್ಲೇ ಕುಂತು ನಾಲ್ಕೂರು ನೋಡ್ತೇನಿ ನೋಡ್ರಿ,” ಎನ್ನುತ್ತಿದ್ದ. “ಅಲ್ಲಿ ಒಂದು ಸೊಳ್ಳಿ ಹಾರಿದ್ರೂ ಇಲ್ಲಿ ಗೊತ್ತಾಗ್ತೈತಿ.”

ಮೂಲೆಯ ಮೇಜಿನಲ್ಲಿ ಕೂತ ಗುಲ್ನಾರ ಈ ಮಾತು ಕೇಳಿದಾಗಲೆಲ್ಲ ಕಂಪ್ಯೂಟರಿನ ಹಿಂದೆ ಮುಖ ಮರೆಮಾಡಿಕೊಂಡು ತುಟಿ ಕೊಂಕಿಸುತ್ತಿದ್ದಳು. ಆ ಸೊಳ್ಳೆ ತನ್ನ ಮೂಗಿನ ಮೇಲೆ ಕೂತರೂ ಟಿ.ವಿ. ನೋಡಿ ಖಾತ್ರಿ ಮಾಡಿಕೊಂಡೇ ಕೈ ಎತ್ತುವ ಮನುಷ್ಯ ಇವನು ಎಂಬುದು ಮೃತ್ಯುಂಜಯನ ಬಗ್ಗೆ ಅವಳ ಅಭಿಪ್ರಾಯ.

ಗುಲ್ನಾರ ಕೌಮುದಿಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವಳು. ಹಾನಗಲ್ಲಿನ ಪೇಟೆಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಅಫ್ಜಲನ ಮಗಳು. ಕೆಟ್ಟ ರೇಡಿಯೊದ ತಲೆಗೆ ಬಡಿದು ಬಡಿದು, ಆಮೇಲೂ ಅದು ಹಾಡದಾಗ ಅಂಗಡಿಗೆ ಹೊತ್ತು ತರುವ ಗಿರಾಕಿಗಳನ್ನು ಕಂಡರೆ ಅಫ್ಜಲನಿಗೆ ಮೈಯೆಲ್ಲ ಉರಿ. ಅವರು ಬೆನ್ನು ತಿರುಗಿಸಿದ ಕೂಡಲೇ ಅವರ ನಡಿಗೆ, ಮಾತು, ಕೆಮ್ಮು ಎಲ್ಲವನ್ನೂ ಅಣಕಿಸಿ ಮಗಳನ್ನು ನಗಿಸುತ್ತಿದ್ದ. ಮಗಳಿಗೆ ಅಪ್ಪನ ಕೈಚಳಕದ ಜೊತೆಗೆ ಆ ಉರಿಯೂ ಬಂತು. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಓದಿ ಬಂದ ಮೇಲಂತೂ ಅದು ಇನ್ನಷ್ಟು ಜೋರಾಯಿತು. ತನಗೆ ತಿಳಿದದ್ದು ಬೇರೆಯವರಿಗೆ ತಿಳಿಯದಿದ್ದರೆ, ಎದುರಿಗಿದ್ದವರು ಮುಖ ತೊಳೆಯದೆ ಬಂದಿದ್ದಾರೆ ಎಂಬಂತೆ ನೋಡುತ್ತಿದ್ದಳು. ಆಫೀಸಿನಲ್ಲಿ ಅವಳ ಕೆಲಸ ಎಲ್ಲರಿಗೂ ಬೇಕಿತ್ತು, ಅವಳು ಯಾರಿಗೂ ಬೇಕಿರಲಿಲ್ಲ. ಅದರಿಂದ ಅವಳಿಗೆ ಬೇಜಾರೇನೂ ಇರಲಿಲ್ಲ.

ಟಿ.ವಿ. ಬರುವ ಮುಂಚೆ ಅವಳಿಗೆ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಬಂದ ಕೂಡಲೇ ತನ್ನ ಮೇಜಿನಿಂದಲೇ ನಾಲ್ಕೂ ಸರ್ವರುಗಳನ್ನು ಒಂದೊಂದಾಗಿ ಹೊಕ್ಕು, ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ನೋಡಿ, ಬೇಡದ್ದನ್ನು ಅಳಿಸಿ, ಶಾಖೆಯವರಿಗೆ ಫೋನು ಮಾಡಿ ಎರಡು ಮಾತಾಡಿ ಸುತ್ತು ಮುಗಿಸುವುದು. ಚಹಾ ಬರುವಷ್ಟರಲ್ಲಿ ಎಲ್ಲ ಆಗುತ್ತಿತ್ತು. ಮೃತ್ಯುಂಜಯನಿಗೆ ಇದು ಹಿಡಿಸಲಿಲ್ಲ. ಕಣ್ಣಿಗೆ ಕಾಣದ ಕೆಲಸವನ್ನು ಅವನು ಕೆಲಸ ಎಂದು ಎಣಿಸುತ್ತಿರಲಿಲ್ಲ. ಯಾವುದೋ ಮದುವೆಯ ಊಟದಲ್ಲಿ ಪಕ್ಕಕ್ಕೆ ಕೂತ ಲೋಹಿತನ ಪರಿಚಯವಾಗಿ, ಒಂದು ದಿನ ಅವನನ್ನು ಹುಬ್ಬಳ್ಳಿಯಿಂದ ಕರೆದುಕೊಂಡೇ ಬಂದ.

ಲೋಹಿತ ಆಸ್ಪತ್ರೆಗಳಿಗೆ ಕಂಪ್ಯೂಟರ್ ವ್ಯವಸ್ಥೆ ಮಾಡಿಕೊಡುವ ಸಲಹೆಗಾರ. ಎರಡು ಮಾತಿಗೊಮ್ಮೆ ‘ಬೇಸಿಕಲಿ’ ಎನ್ನುತ್ತಿದ್ದ. ಸರ್ವರುಗಳ ಮೇಲೆ ಸದಾ ಕಣ್ಣಿಡುವ ಮಾನಿಟರಿಂಗ್ ಸಾಫ್ಟ್‌ವೇರ್ ಒಂದನ್ನು ಹಾನಗಲ್ಲಿನ ಒಂದು ಯಂತ್ರದಲ್ಲಿ ಹಾಕಿದ. ಗೋಡೆಗೆ ಟಿ.ವಿ. ತೂಗುಹಾಕಿಸಿದ. ಹಸಿರು ಪಟ್ಟಿಗಳು ಬಂದವು, ಎಲ್ಲರೂ ಚಪ್ಪಾಳೆ ತಟ್ಟಿದರು, ಲೋಹಿತ ಊಟ ಮಾಡಿ ಹೊರಟುಹೋದ. ಉಳಿದ ಮೂರು ಊರಿಗೆ ಅವನು ಕಾಲಿಡಲೇ ಇಲ್ಲ.

ಇಂಥ ಸಾಫ್ಟ್‌ವೇರಿನ ಕೆಲಸ ಸರಳ. ಅದು ಆಗಾಗ ಪ್ರತಿ ಊರಿನ ಸರ್ವರನ್ನೂ ವಿಚಾರಿಸಿಕೊಳ್ಳಬೇಕು. ಎದ್ದಿದ್ದೀಯಾ, ನಿನ್ನ ಡಿಸ್ಕಿನಲ್ಲಿ ಇನ್ನೆಷ್ಟು ಜಾಗ ಇದೆ, ಹೀಗೆ. ಒಂದೊಂದು ವಿಚಾರಣೆಗೂ ಚೆಕ್ ಎಂದು ಹೆಸರು. ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಎಂಬುದನ್ನು ಚೆಕ್ ಬರೆಯುವವನು ಸರಿಯಾಗಿ ಬರೆದಿರಬೇಕು, ಅಷ್ಟೇ.

ಟಿ.ವಿ. ಬಂದ ವಾರದಲ್ಲೇ ಗುಲ್ನಾರಳಿಗೆ ಒಂದು ವಿಚಿತ್ರ ಕಂಡಿತು. ಡಿಸ್ಕಿನ ಸಾಲಿನಲ್ಲಿ ನಾಲ್ಕೂ ಊರಿಗೆ ಒಂದೇ ಅಂಕಿ. ನಲವತ್ತೊಂದು ಶೇಕಡಾ ಖಾಲಿ. ಶಿಗ್ಗಾವಿಯಲ್ಲಿ ದಿನಕ್ಕೆ ನಾಲ್ಕು ಜನ ಬಂದರೆ ಹೆಚ್ಚು, ಸವಣೂರಿನಲ್ಲಿ ಸಾಲು ಬೀದಿಗೆ ಬರುತ್ತದೆ. ಎರಡೂ ಕಡೆ ಒಂದೇ ಜಾಗ ಉಳಿದಿರುವುದು ಹೇಗೆ ಸಾಧ್ಯ? ಆ ಮಧ್ಯಾಹ್ನ ಹಾನಗಲ್ಲಿನ ಮಾನಿಟರಿಂಗ್ ಯಂತ್ರಕ್ಕೆ ಅವಳು ಏನನ್ನೋ ಕಾಪಿ ಮಾಡಿದಳು. ತಲೆ ಎತ್ತಿ ನೋಡಿದರೆ ನಾಲ್ಕೂ ಊರು ಒಟ್ಟಿಗೇ ನಲವತ್ತಕ್ಕೆ ಇಳಿದಿದ್ದವು.

ಅವಳಿಗೆ ಅರ್ಥವಾಯಿತು. ಲೋಹಿತ ಬರೆದ ಚೆಕ್ ಸವಣೂರನ್ನು ಕೇಳುತ್ತಿರಲಿಲ್ಲ, ಹಿರೇಕೆರೂರನ್ನೂ ಕೇಳುತ್ತಿರಲಿಲ್ಲ. ಹಾನಗಲ್ಲಿನ ಯಂತ್ರ ತನ್ನ ಹೊಟ್ಟೆಯನ್ನೇ ತಾನು ಮುಟ್ಟಿ ನೋಡಿಕೊಂಡು, ಆ ಒಂದೇ ಉತ್ತರವನ್ನು ನಾಲ್ಕೂ ಊರಿನ ಹೆಸರಿನ ಕೆಳಗೆ ಅಂಟಿಸುತ್ತಿತ್ತು. ಒಂದು ಚೆಕ್ ಬರೆದು, ಅದನ್ನೇ ಇನ್ನು ಮೂರು ಸಲ ನಕಲು ಮಾಡಿ, ಊರಿನ ಹೆಸರು ಮಾತ್ರ ಬದಲಿಸಿ ಊಟಕ್ಕೆ ಎದ್ದಿದ್ದ ಮಹಾಶಯ.

ಮರುದಿನ ಸಿಬ್ಬಂದಿಯ ಸಭೆಯಲ್ಲಿ ಅವಳು ಬಾಯಿ ತೆರೆದಳು.

“ಸರ್, ಆ ಡಿಸ್ಕಿನ ಚೆಕ್ ಒಂದ್ ಸಲ ನೋಡಬೇಕಿತ್ತು. ಅದು ಬರೋಬ್ಬರಿ ಇಲ್ಲ.”

ಮೃತ್ಯುಂಜಯ ಅವಳ ಕಡೆ ಪೂರ್ತಿ ತಿರುಗಲೂ ಇಲ್ಲ. “ಲೋಹಿತ ದೊಡ್ಡ ದೊಡ್ಡ ಆಸ್ಪತ್ರಿಗೆ ಮಾಡಿಕೊಟ್ಟಾನ್ರಿ. ಕೆಳಗ ಪ್ರಿಂಟರ್ ಹಾಳಿ ಹಿಡಿಯಾಕತ್ತೈತಂತ, ನೀವು ಅದನ್ನ ನೋಡ್ರಿ.”

ಯಾರೋ ನಕ್ಕರು. ಗುಲ್ನಾರ ಕೂತಳು. ಇನ್ನೊಂದು ಮಾತು ಹೇಳಿದ್ದರೆ, ಗೋಡೆಯ ಕಡೆ ಬೆರಳು ತೋರಿಸಿ ಆ ನಾಲ್ಕು ಅಂಕಿ ಓದ್ರಿ ಎಂದಿದ್ದರೆ, ಎಲ್ಲರಿಗೂ ತಿಳಿಯುತ್ತಿತ್ತು. ಅವಳು ಹೇಳಲಿಲ್ಲ. ಇಂಥವರಿಗೆ ಬಾಯಿ ನೋಯಿಸಿಕೊಳ್ಳುವುದು ತನ್ನ ಯೋಗ್ಯತೆಗೆ ಕಡಿಮೆ ಎನಿಸಿತು. ಬೀಳಲಿ, ಬಿದ್ದಾಗ ತಾವೇ ಬಂದು ಕಾಲು ಹಿಡಿಯುತ್ತಾರೆ. ಅಂದಿನಿಂದ ಬೆಳಗಿನ ತನ್ನ ಸುತ್ತನ್ನೂ ನಿಲ್ಲಿಸಿಬಿಟ್ಟಳು. ನೋಡುವುದಕ್ಕೆ ಗೋಡೆ ಇದೆಯಲ್ಲ. ಚಹಾ ಬಂದಾಗ ಆರಾಮಾಗಿ ಕುರ್ಚಿಗೆ ಒರಗಿ, ನಾಲ್ಕು ಸುಳ್ಳು ಅಂಕಿಗಳನ್ನು ನೋಡುತ್ತ ಕುಡಿಯುವುದು ಅವಳಿಗೆ ದಿನದ ಒಂದು ಸುಖವಾಯಿತು. ಅತಿಥಿಗಳ ಮುಂದೆ ಮೃತ್ಯುಂಜಯ ಎದೆ ಉಬ್ಬಿಸಿದಷ್ಟೂ ಆ ಸುಖ ಹೆಚ್ಚುತ್ತಿತ್ತು.

ಹೀಗೆ ಮಳೆಗಾಲ ಕಳೆಯಿತು. ಒಂದು ಸೋಮವಾರ ಬೆಳಿಗ್ಗೆ ಸವಣೂರಿನಿಂದ ಶಾಹಬಾಜನ ಫೋನು ಬಂತು. ಶಾಹಬಾಜ ಅಲ್ಲಿಯ ಎಕ್ಸ್‌ರೇ ಟೆಕ್ನಿಷಿಯನ್. ಶನಿವಾರ ತೆಗೆದ ಚಿತ್ರಗಳು ಸರ್ವರಿನಲ್ಲಿ ಕಾಣುತ್ತಿಲ್ಲ, ಹೊಸವು ಉಳಿಯುತ್ತಿಲ್ಲ, ಎಲುಬಿನ ಡಾಕ್ಟರು ಬರುವ ಹೊತ್ತಾಯಿತು, ಜನ ಕೂತಿದ್ದಾರೆ ಎಂದು ಅವನು ಹೇಳಿದ್ದು ಸ್ಪೀಕರಿನಲ್ಲಿ ಇಡೀ ಕೋಣೆಗೆ ಕೇಳಿತು. ಮೃತ್ಯುಂಜಯ ಕುತ್ತಿಗೆ ಎತ್ತಿ ಗೋಡೆ ನೋಡಿದ.

“ಸವಣೂರು ಹಸಿರ ಐತಲ್ಲೋ.”

“ಇಲ್ಲಿ ಬರಾಕತ್ತಿಲ್ರಿ ಸರ್.”

“ನಾ ನೋಡಾಕತ್ತೇನಿ ಇಲ್ಲಿ. ಸರ್ವರ್ ಛಲೋ ಐತಿ. ನಿನ್ನ ಮಶೀನ್ ಬಂದ್ ಮಾಡಿ ಚಾಲೂ ಮಾಡು.”

ಗುಲ್ನಾರ ಆಗ ಆಫೀಸಿನ ಮೂಲೆಯ ಪ್ರಿಂಟರಿನ ಮುಂದೆ ಮಂಡಿಯೂರಿ, ಸಿಕ್ಕಿಕೊಂಡ ಹಾಳೆ ಎಳೆಯುತ್ತಿದ್ದಳು. ಹಸಿರು ಸುಳ್ಳು ಎಂಬುದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ತಾಳು ಶಾಹಬಾಜ, ಎಂದು ಕೂಗಿದರೆ ಸಾಕಿತ್ತು. ರೇಡಿಯೊದ ತಲೆಗೆ ಬಡಿಯಲು ಹೇಳುವ ಮನುಷ್ಯನನ್ನು ಓರೆಗಣ್ಣಿನಿಂದ ನೋಡಿ, ಒಳಗೊಳಗೇ ಅಪ್ಪನ ಹಾಗೆ ಅವನನ್ನು ಅಣಕಿಸಿ, ಹಾಳೆ ಎಳೆಯುತ್ತಲೇ ಇದ್ದಳು.

ಶಾಹಬಾಜ ಹೇಳಿದಂತೆ ಮಾಡಿದ. ಶನಿವಾರದ ಚಿತ್ರಗಳು ಸರ್ವರಿಗೆ ಹೋಗಲು ಜಾಗವಿಲ್ಲದೆ ಎಕ್ಸ್‌ರೇ ಯಂತ್ರದ ತಾತ್ಕಾಲಿಕ ನೆನಪಿನಲ್ಲೇ ಕಾದು ನಿಂತಿದ್ದವು. ಯಂತ್ರ ಬಂದ್ ಆದ ಕೂಡಲೇ ಅಷ್ಟೂ ಅಳಿಸಿಹೋದವು. ಕಾಗದದಂಥ ಫಿಲ್ಮ್ ಕೊಡುವ ಪದ್ಧತಿಯನ್ನು ಮೃತ್ಯುಂಜಯ ಮೊದಲೇ ನಿಲ್ಲಿಸಿದ್ದ. ಎಲ್ಲ ಕಂಪ್ಯೂಟರಿನಲ್ಲೇ ಇರುವಾಗ ಅದು ಯಾಕೆ ಎಂದು.

ಮೃತ್ಯುಂಜಯ ಲೋಹಿತನಿಗೆ ಫೋನು ಹಚ್ಚಿದ. ಲೋಹಿತ ಹುಬ್ಬಳ್ಳಿಯಲ್ಲಿ ಕೂತು ತನ್ನ ಮೊಬೈಲಿನಲ್ಲಿ ಅದೇ ಹಸಿರು ನೋಡಿ, “ಬೇಸಿಕಲಿ ನೆಟ್‌ವರ್ಕ್ ಪ್ರಾಬ್ಲೆಮ್ ಸರ್. ಆ ಮೇಡಮ್‌ನ ಕಳಸ್ರಿ, ಕೇಬಲ್ ಬದಲು ಮಾಡ್ಲಿ,” ಎಂದ. ಮೇಡಮ್‌ ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. ಬಂಕಾಪುರದ ಮೇಲೆ ಸವಣೂರಿಗೆ ಹೋಗುವ ಉದ್ದಕ್ಕೂ ಆಫೀಸಿನ ಜೀಪಿನಲ್ಲಿ ಅವಳಿಗೆ ಹಬ್ಬಕ್ಕೆ ಹೊರಟಷ್ಟು ಹುರುಪಿತ್ತು. ಮೃತ್ಯುಂಜಯನ ಮುಖ ಹೇಗಾಗಬಹುದು, ಲೋಹಿತ ಏನೇನು ತೊದಲಬಹುದು ಎಂದು ಮನಸ್ಸಿನಲ್ಲೇ ಆಡಿಸಿ ನೋಡುತ್ತಿದ್ದಳು. ಹೊಸ ಕೇಬಲನ್ನು ಬೇಕೆಂದೇ ಹಾನಗಲ್ಲಿನಲ್ಲಿ ಬಿಟ್ಟು ಬಂದಿದ್ದಳು.

ಸವಣೂರಿನ ಶಾಖೆಯಲ್ಲಿ ಬೆಂಚುಗಳು ತುಂಬಿದ್ದವು. ಬಾಗಿಲ ಹತ್ತಿರದ ಬೆಂಚಿನಲ್ಲಿ ಬಲತೋಳನ್ನು ಸೀರೆಯ ತುಂಡಿನಿಂದ ಎದೆಗೆ ಕಟ್ಟಿಕೊಂಡ ಒಬ್ಬ ಮುದುಕಿ ಕೂತಿದ್ದಳು. ಹುಲಗೂರಿನ ಹುಚ್ಚವ್ವ. ಎಮ್ಮೆ ಕಟ್ಟಲು ಹೋಗಿ ಬಿದ್ದು ರಟ್ಟೆಯ ಎಲುಬು ಮುರಿದಿತ್ತು. ಪಕ್ಕದಲ್ಲಿ ಸೊಸೆ ಸವಿತಾ. ಎಲುಬಿನ ಡಾಕ್ಟರು ವಾರಕ್ಕೊಮ್ಮೆ, ಸೋಮವಾರ, ಸವಣೂರಿಗೆ ಬರುತ್ತಾರೆಂದು ಶನಿವಾರವೇ ಬಂದು ಚಿತ್ರ ತೆಗೆಸಿಕೊಂಡು ಹೋಗಿದ್ದರು.

“ಬಂದ್ರು ನೋಡ್ರಿ ಹಾನಗಲ್ಲದವ್ರು,” ಎಂದು ಶಾಹಬಾಜ ಎಲ್ಲರಿಗೂ ಸಮಾಧಾನ ಹೇಳಿದ.

ಹುಚ್ಚವ್ವ ಗುಲ್ನಾರಳನ್ನು ಮೇಲಿಂದ ಕೆಳಗೆ ನೋಡಿದಳು. “ಶನಿವಾರ ಈ ಹುಡುಗ ಕೈ ಆಕಡಿ ತಿರುವು, ಈಕಡಿ ತಿರುವು ಅಂತ ಜೀವಾ ತೆಗದು ಫೋಟೊ ಹೊಡದ. ಇವತ್ತ ಅದು ಕಳದೈತಂತ. ನಾವು ಹೊಲದಾಗ ಕುಡಗೋಲು ಕಳದ್ರ ಹುಡುಕಿ ತರ್ತೇವಿ. ಗ್ವಾಡಿ ಒಳಗ ಇಟ್ಟದ್ದು ಹೆಂಗ ಕಳೀತೈತಿ ತಂಗಿ?”

“ನೋಡ್ತೇನಿ ತಡಿ ಅಜ್ಜಿ,” ಎಂದು ಗುಲ್ನಾರ ಒಳಗೆ ನಡೆದಳು. ಮುದುಕಿಗೆ ಉತ್ತರಿಸುವ ಸಮಯ ಅದಲ್ಲ.

ಸರ್ವರ್ ಇದ್ದದ್ದು ಮೆಟ್ಟಿಲ ಕೆಳಗಿನ ಕಿರುಕೋಣೆಯಲ್ಲಿ, ಕೈಗವಸಿನ ಡಬ್ಬಿಗಳ ನಡುವೆ. ತೆರೆದು ನೋಡಿದರೆ ಅವಳು ಎಣಿಸಿದ್ದೇ ಆಗಿತ್ತು. ಡಿಸ್ಕಿನಲ್ಲಿ ಸಾಸಿವೆ ಕಾಳಿನಷ್ಟೂ ಜಾಗ ಇರಲಿಲ್ಲ. ಗೋಡೆಯ ಟಿ.ವಿ. ಪ್ರಕಾರ ಅರ್ಧಕ್ಕೆ ಹತ್ತಿರ ಖಾಲಿ ಇರಬೇಕಾದ ಡಿಸ್ಕು. ತುಂಬಿದ್ದು ಯಾವುದರಿಂದ ಎಂದು ಹುಡುಕಿದಳು. ಸರ್ವರ್ ದಿನವೂ ತನ್ನ ಚಿತ್ರಗಳ ಒಂದು ನಕಲು ತೆಗೆದು ಇಟ್ಟುಕೊಳ್ಳುತ್ತಿತ್ತು. ಹಳೆಯ ನಕಲುಗಳನ್ನು ಯಾರೂ ಅಳಿಸಿರಲಿಲ್ಲ. ಅವು ಒಂದರ ಮೇಲೊಂದು ಬೆಳೆದು ಡಿಸ್ಕನ್ನು ನುಂಗಿದ್ದವು. ಅತ್ಯಂತ ಹಳೆಯ ನಕಲಿನ ತಾರೀಖು ನೋಡಿದಾಗ ಗುಲ್ನಾರಳ ಬೆರಳು ಕೀಲಿಮಣೆಯ ಮೇಲೆ ತಡೆಯಿತು. ಅದು ಆ ಸಭೆ ನಡೆದ ವಾರದ್ದು. ಅವುಗಳನ್ನು ಬೆಳಗಿನ ಸುತ್ತಿನಲ್ಲಿ ಅಳಿಸುತ್ತಿದ್ದವಳು ಅವಳೇ.

ಆ ಯೋಚನೆಯನ್ನು ಅವಳು ಪಕ್ಕಕ್ಕೆ ತಳ್ಳಿದಳು. ಹಳೆಯ ನಕಲುಗಳನ್ನು ಅಳಿಸಿದಳು, ಜಾಗವಾಯಿತು, ಹೊಸ ಚಿತ್ರ ಉಳಿಯುತ್ತದೆಯೇ ಎಂದು ಶಾಹಬಾಜನಿಂದ ಪರೀಕ್ಷೆ ಮಾಡಿಸಿದಳು. ಉಳಿಯಿತು. ಮುಖ್ಯ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಅವಳು ಇಷ್ಟು ದಿನ ಕಾದದ್ದು ಬೇರೊಂದಕ್ಕೆ. ಮೃತ್ಯುಂಜಯನಿಗೆ ಫೋನು ಮಾಡಿದಳು. ಲೋಹಿತನನ್ನೂ ಅದೇ ಕರೆಯಲ್ಲಿ ಸೇರಿಸಿಕೊಳ್ಳಲು ಹೇಳಿದಳು.

“ಹಾವೇರಿಯಿಂದ ಡಾಕ್ಟರ್‌ಗಳು ಬಂದಾರ್ರಿ, ಅವರಿಗೆ ಸಿಸ್ಟಮ್ ತೋರ್ಸಾಕತ್ತೇನಿ. ಆಮ್ಯಾಲ ಮಾತಾಡೂಣು,” ಎಂದ ಮೃತ್ಯುಂಜಯ.

“ಭಾಳ ಛಲೋ ಆತು ಸರ್. ಅವರೂ ನೋಡ್ಲಿ. ಸವಣೂರಿನ ಡಿಸ್ಕ್ ಎಷ್ಟು ಖಾಲಿ ತೋರಸ್ತೈತಿ?”

“ಮೂವತ್ತೆಂಟು.”

“ಹಿರೇಕೆರೂರು?”

“ಮೂವತ್ತೆಂಟು.”

“ಶಿಗ್ಗಾವಿ, ಹಾನಗಲ್ಲ?”

“ಎಲ್ಲಾ ಅಷ್ಟ ಐತಿ. ಅಂದ್ರ ಎಲ್ಲಾ ಛಲೋ ಅದಾವು.”

ಕರೆಯಲ್ಲಿ ಸೇರಿಕೊಂಡಿದ್ದ ಲೋಹಿತ ನಡುವೆ ಬಾಯಿ ಹಾಕಿದ. “ಬೇಸಿಕಲಿ ಮೇಡಮ್, ಕೇಬಲ್ ಬದಲು ಮಾಡಿದ್ರೇನು?”

“ಈಗ ಗ್ವಾಡಿ ನೋಡ್ಕೋತ ಇರ್ರಿ ಸರ್,” ಎಂದಳು ಗುಲ್ನಾರ. ಸವಣೂರಿನ ಆ ಕಿರುಕೋಣೆಯಿಂದಲೇ ಹಾನಗಲ್ಲಿನ ಮಾನಿಟರಿಂಗ್ ಯಂತ್ರವನ್ನು ಹೊಕ್ಕು, ಅದರ ಡಿಸ್ಕಿನಲ್ಲಿ ಉಳಿದ ಜಾಗವನ್ನೆಲ್ಲ ನುಂಗುವಂಥ ಒಂದು ಪೊಳ್ಳು ಫೈಲನ್ನು ಹುಟ್ಟಿಸಿದಳು. ಚೆಕ್‌ಗಳಿಗೆ ಈಗಲೇ ಮತ್ತೆ ಕೇಳಿ ಎಂದು ಅಪ್ಪಣೆ ಕೊಟ್ಟಳು. ನಾಲ್ಕೂ ಊರು ಒಂದೇ ಏಟಿಗೆ ಕೆಂಪಾದವು. ಟಿ.ವಿ. ಕೂಗಲು ಶುರುಮಾಡಿದ್ದು ಫೋನಿನಲ್ಲಿ ಅವಳಿಗೂ ಕೇಳಿತು. ಹಾವೇರಿಯ ಡಾಕ್ಟರೊಬ್ಬರು, ಇದೇನ್ರಿ ನಾಲ್ಕೂ ಕಡೆ ಒಮ್ಮೆಲೇ ಬೆಂಕಿ ಬಿತ್ತೇನು, ಎಂದು ಕೇಳುವುದೂ ಕೇಳಿತು.

“ಬೆಂಕಿ ಬಿದ್ದಿಲ್ರಿ,” ಎಂದಳು ಅವಳು. “ಹಾನಗಲ್ಲದ ಒಂದು ಮಶೀನ್ ತುಂಬಿಸೀನಿ. ನಿಮ್ಮ ಗ್ವಾಡಿ ಅದೊಂದನ್ನ ನೋಡಿ ನಾಲ್ಕೂರಿನ ಹೆಸರು ಹೇಳಾಕತ್ತೈತಿ. ಮೊದಲಿಂದ ಹಂಗ ಮಾಡೈತಿ. ಸವಣೂರಿನ ಡಿಸ್ಕ್ ಶನಿವಾರ ತುಂಬಿ ಹೋತು, ನಿಮಗ ಹಸಿರು ತೋರಿಸಿತು. ಲೋಹಿತ ಅವರ, ನೀವು ಬರೆದ ಚೆಕ್ ತೆಗದು ಓದ್ರಿ. ನಿಮ್ಮ ಬರವಣಿಗಿ ನಿಮಗರ ತಿಳೀಬೇಕು.”

ಲೋಹಿತ ಓದಿರಬೇಕು. “ಸಣ್ಣ ಕಾನ್ಫಿಗರೇಶನ್ ಮಿಸ್ಟೇಕ್” ಎಂಬ ಮಾತು ಬಂತು, ಈ ಸಲ ಬೇಸಿಕಲಿ ಇಲ್ಲದೆ. ಮೃತ್ಯುಂಜಯ ಫೋನು ಇಟ್ಟ. ಗುಲ್ನಾರ ಆ ಪೊಳ್ಳು ಫೈಲನ್ನು ಅಳಿಸಿ, ಕುರ್ಚಿಗೆ ಒರಗಿ ಕಾಲು ಚಾಚಿದಳು. ಮಳೆಗಾಲದುದ್ದಕ್ಕೂ ಕಾದಿಟ್ಟ ಊಟ ಹೊಟ್ಟೆ ತುಂಬ ಉಂಡಂತಿತ್ತು.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಶಾಹಬಾಜನ ಕಣ್ಣು ಅರಳಿದ್ದವು. ಅವನ ಹಿಂದೆ, ಚಿತ್ರ ಮತ್ತೆ ತೆಗೆಯಲು ಎಕ್ಸ್‌ರೇ ಕೋಣೆಯ ಮುಂದೆ ಸರದಿಗೆ ತಂದು ಕೂರಿಸಿದ್ದ ಹುಚ್ಚವ್ವ ಇದ್ದಳು.

“ಇಷ್ಟ ಲಗೂ ಹೆಂಗ ಹಿಡದ್ರಿ ಆಪಾ?” ಎಂದು ಶಾಹಬಾಜ ಅಕ್ಕನನ್ನು ಕೇಳುವಂತೆ ಕೇಳಿದ.

“ಲಗೂ ಏನಿಲ್ಲ. ಆ ಟೀವಿ ಹಚ್ಚಿದ ವಾರದಾಗ ನನಗ ಗೊತ್ತಾಗಿತ್ತು. ಮೂರ್ಖರು ತಾವ ಬಿದ್ದು ತಿಳಕೊಳ್ಳಲಿ ಅಂತ ಬಿಟ್ಟಿದ್ದೆ.”

“ಏನಂದಿ?” ಎಂದಳು ಹುಚ್ಚವ್ವ.

ಗುಲ್ನಾರ ತಿರುಗಿದಳು. ಮುದುಕಿ ಬೆಂಚಿನಿಂದ ಮುಂದೆ ಬಾಗಿದ್ದಳು.

“ನಿನಗ ಮೊದಲ ಗೊತ್ತಿತ್ತೇನು, ಇದು ಕೆಟ್ಟೈತಂತ?”

“ನಾ ಹೇಳಾಕ ಹೋಗಿದ್ದೆ ಅಜ್ಜಿ. ಅವರು ಕೇಳಲಿಲ್ಲ.”

“ಎಷ್ಟು ಸಲ ಹೇಳಿದಿ?”

ಗುಲ್ನಾರ ಸುಳ್ಳು ಹೇಳಬಹುದಿತ್ತು. ಆ ಕಣ್ಣುಗಳ ಮುಂದೆ ಯಾಕೋ ಬರಲಿಲ್ಲ. “ಒಂದ ಸಲ.”

“ನನ್ನ ಎಮ್ಮಿ ನೀರಡಿಸಿದ್ರ ಒಂದ ಸಲ ಒದರಿ ಸುಮ್ಮನಾಗೂದಿಲ್ಲ. ಮಂದಿ ಎದ್ದು ಬರೂತನಕ ಒದರ್ತೈತಿ.” ಹುಚ್ಚವ್ವನ ದನಿ ಏರಲಿಲ್ಲ. “ಆ ಟೀವಿ ಸುಳ್ಳು ಹೇಳಿತಂತ ಅವರಿಗೆ ಬೈದಿ. ಅದಕ್ಕ ಜೀವ ಇಲ್ಲ, ಬುದ್ಧಿ ಇಲ್ಲ. ನಿನಗೇನಾಗಿತ್ತು?”

“ಅತ್ತಿ, ಸಾಕ ಬಿಡ್ರಿ,” ಎಂದಳು ಸವಿತಾ.

“ಸಾಕು ಅನ್ನಾಕ ನಿನ್ನ ರಟ್ಟಿ ಮುರದಿಲ್ಲ.”

ಸರದಿ ಬಂತು. ಶಾಹಬಾಜ ಒಂದು ಪಕ್ಕ ಹಿಡಿದ. ಇನ್ನೊಂದು ಪಕ್ಕಕ್ಕೆ ಗುಲ್ನಾರ ಕೈ ಚಾಚಿದಳು. ಹುಚ್ಚವ್ವ ಆ ಕೈಯನ್ನು, ಎಂಜಲು ತಟ್ಟೆಯನ್ನು ನೋಡಿದ ಹಾಗೆ ನೋಡಿ, “ಈಕಿ ಬ್ಯಾಡ. ಸವಿತಾ, ನೀ ಬಾ,” ಎಂದು ಒಳಗೆ ಹೋದಳು. ದಪ್ಪ ಬಾಗಿಲು ಮುಚ್ಚಿತು. ತೋಳು ತಿರುಗಿಸುವಾಗ ಮುದುಕಿ ಕೂಗಿದ್ದು ಆ ಬಾಗಿಲನ್ನೂ ದಾಟಿ ಬಂತು. ಒಮ್ಮೆ ಕೂಗಿದಳು, ಮತ್ತೊಮ್ಮೆ ಕೂಗಿದಳು, ಆಮೇಲೆ ಶಾಹಬಾಜನಿಗೆ ಅವನ ಏಳು ತಲೆಮಾರು ಸೇರಿಸಿ ಬೈದಳು. ಬೆಂಚಿನಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿದರು. ಗುಲ್ನಾರ ಕಿರುಕೋಣೆಗೆ ವಾಪಸು ಹೋಗಿ ಬಾಗಿಲು ಎಳೆದುಕೊಂಡಳು.

ಇಷ್ಟು ವರ್ಷ ಯಾರ ತಿರಸ್ಕಾರವೂ ಅವಳನ್ನು ತಾಕಿರಲಿಲ್ಲ. ತಿರಸ್ಕರಿಸುವವರು ತನಗಿಂತ ದಡ್ಡರು ಎಂಬುದೊಂದೇ ಅವಳಿಗೆ ಸಾಕಾಗುತ್ತಿತ್ತು. ಹುಚ್ಚವ್ವನಿಗೆ ಸರ್ವರ್ ಎಂದರೆ ಏನೆಂದೂ ತಿಳಿಯದು. ಆದರೂ ಈ ಸಲ ಆ ಔಷಧ ಕೆಲಸ ಮಾಡಲಿಲ್ಲ. ಕೂತು, ಎದ್ದು, ಮತ್ತೆ ಕೂತು, ಕೊನೆಗೆ ಕೈಗೆ ಕೆಲಸ ಕೊಟ್ಟಳು.

ಚೆಕ್ ಬರೆದಿದ್ದ ಕಡತ ತೆಗೆದಳು. ಲೋಹಿತ ಬಳಸಿದ್ದು ಯಂತ್ರ ತನ್ನನ್ನು ತಾನೇ ನೋಡಿಕೊಳ್ಳುವ ಅಪ್ಪಣೆ. ದೂರದ ಸರ್ವರಿನ ಡಿಸ್ಕನ್ನು ನೋಡಬೇಕಾದರೆ ಆ ಸರ್ವರಿನೊಳಗೂ ಒಂದು ಸಣ್ಣ ಪ್ರೋಗ್ರಾಮು ಕೂತಿರಬೇಕು, ಕೇಳಿದಾಗ ಉತ್ತರ ಕೊಡುವುದಕ್ಕೆ. ಉಳಿದ ಮೂರೂ ಊರಲ್ಲಿ ಅದನ್ನು ಹಾಕಿಯೇ ಇರಲಿಲ್ಲ. ಗುಲ್ನಾರ ಸವಣೂರಿನಲ್ಲಿ ಹಾಕಿದಳು, ಅಲ್ಲಿಂದಲೇ ಶಿಗ್ಗಾವಿಯಲ್ಲಿ, ಹಿರೇಕೆರೂರಿನಲ್ಲಿ ಹಾಕಿದಳು. ಚೆಕ್‌ನಲ್ಲಿ ಅಪ್ಪಣೆ ಬದಲಿಸಿದಳು. ಶಿಗ್ಗಾವಿ ಉತ್ತರ ಕೊಡಲಿಲ್ಲ. ಹಾನಗಲ್ಲಿನ ಯಂತ್ರ ಕೇಳಿದರೆ ಹೇಳಬಹುದು ಎಂದು ಅಲ್ಲಿಯ ಪ್ರೋಗ್ರಾಮಿಗೆ ತಿಳಿಸುವುದು ಉಳಿದಿತ್ತು. ತಿಳಿಸಿದಳು, ಬಾಯಿ ಬಿಟ್ಟಿತು. ಮಧ್ಯಾಹ್ನದ ಊಟದ ಹೊತ್ತಿಗೆ ನಾಲ್ಕು ಊರಿಗೆ ನಾಲ್ಕು ಬೇರೆ ಬೇರೆ ಅಂಕಿ ಬಂದವು. ಶಿಗ್ಗಾವಿ ಮುಕ್ಕಾಲು ಖಾಲಿ. ಹಿರೇಕೆರೂರು ಕೆಂಪು. ಅಲ್ಲಿ ಉಳಿದದ್ದು ಎರಡೇ ಶೇಕಡಾ. ಇನ್ನೊಂದು ವಾರ ಬಿಟ್ಟಿದ್ದರೆ ಅಲ್ಲಿಯೂ ಬೆಂಚುಗಳು ಹೀಗೇ ತುಂಬುತ್ತಿದ್ದವು.

ಮೃತ್ಯುಂಜಯನ ಫೋನು ಬಂತು. “ಹಿರೇಕೆರೂರು ಕೆಂಪಾತಲ್ರಿ. ಮುಂಜಾನ ಹಸಿರಿತ್ತು. ಏನ್ ಮಾಡಿದ್ರಿ ನೀವು?”

“ಈಗ ಅದು ಖರೇ ಹೇಳಾಕತ್ತೈತಿ ಸರ್. ಅಲ್ಲಿ ಡಿಸ್ಕ್ ತುಂಬಾಕ ಬಂದೈತಿ.”

“ಅದು ಇರ್ಲಿ. ಡಾಕ್ಟರ್‌ಗಳು ಊಟಾ ಮಾಡಿ ಮತ್ತ ಮ್ಯಾಲ ಬರ್ತಾರು. ಲೋಹಿತ ಅಂದ, ಎಚ್ಚರಿಕಿ ಮಿತಿ ಸ್ವಲ್ಪ ಸಡಲ ಮಾಡಿದ್ರ ಹಸಿರಾಗ್ತೈತಂತ. ಅಷ್ಟು ಮಾಡ್ರಿ.”

ಗುಲ್ನಾರ ಕಣ್ಣು ಮುಚ್ಚಿದಳು. ಇಂಥ ಮಾತು ಹಿಂದಿನ ವಾರ ಕೇಳಿದ್ದರೆ, ಆಗಲಿ ಸರ್ ಎಂದು ಹಸಿರು ಮಾಡಿಕೊಟ್ಟು, ಹಿರೇಕೆರೂರು ಬೀಳುವ ದಿನಕ್ಕೆ ಚಹಾ ಕಪ್ಪು ಹಿಡಿದು ಕಾಯುತ್ತಿದ್ದಳು.

“ಆಗೂದಿಲ್ಲ ಸರ್. ಹಳೇ ನಕಲು ನಾ ಈಗ ಅಳಸ್ತೇನಿ, ಆದರ ಅದು ಸಾಲೂದಿಲ್ಲ, ಅಲ್ಲಿ ಹೊಸಾ ಡಿಸ್ಕ್ ಬೇಕು.”

ಅವನು ಫೋನು ಕಡಿದ. ಅವಳು ತಿರುಗಿ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಿ, “ಅತಿಥಿಗಳು ಅದಾರಂತ ಹೇಳಿದ್ನಲ್ರಿ,” ಎಂದು ಮತ್ತೆ ಕಡಿದ. ಮತ್ತೂ ಮಾಡಿದಳು. ಜೀಪಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಮಾಡಿದಳು. ಕೊನೆಗೆ ಒಡೆಯರಾದ ದೊಡ್ಡ ಡಾಕ್ಟರಿಗೇ ಹಚ್ಚಿ, ಸವಣೂರಿನಲ್ಲಿ ಚಿತ್ರ ಹೋದದ್ದು, ಹಿರೇಕೆರೂರಿನ ಸ್ಥಿತಿ, ಎಲ್ಲ ಹೇಳಿದಳು. ಅವರಿಗೆ ಅರ್ಧ ಅರ್ಥವಾಯಿತು. ಇನ್ನರ್ಧಕ್ಕೆ ಮರುದಿನ ಅವರ ಕ್ಲಿನಿಕ್ಕಿನ ಬಾಗಿಲಲ್ಲಿ ರೋಗಿಗಳ ಜೊತೆ ಸರದಿಯಲ್ಲಿ ಕೂತು ಹೇಳಿದಳು. ಹಿರೇಕೆರೂರಿಗೆ ಡಿಸ್ಕು ಬಂತು.

ಮುಂದಿನ ಸಭೆಯಲ್ಲಿ ಮೃತ್ಯುಂಜಯ, ನಮ್ಮ ಸಿಸ್ಟಮ್ ಹಿರೇಕೆರೂರಿನ ತೊಂದರೆಯನ್ನು ಮೊದಲೇ ಪತ್ತೆಹಚ್ಚಿತು, ಇದರಲ್ಲಿ ಲೋಹಿತನ ದೂರದೃಷ್ಟಿ ದೊಡ್ಡದು ಎಂದ. ಗುಲ್ನಾರ ಅವನ ಮುಖ ನೋಡಿದಳು. ಅವನ ಬಗ್ಗೆ ಅವಳ ಅಭಿಪ್ರಾಯ ಒಂದು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ, ಬದಲಾಗುವ ಕಾರಣವೂ ಇರಲಿಲ್ಲ. ಆದರೆ ಬೆಳಗಿನ ಸುತ್ತು ಮತ್ತೆ ಶುರುವಾಗಿತ್ತು. ಏನಾದರೂ ಕೆಂಪಾದರೆ ಸರಿಯಾಗುವ ತನಕ ಅವಳು ಅವನ ಮೇಜಿನ ಮುಂದೆ ನಿಂತಿರುತ್ತಿದ್ದಳು. ಅವನು ಅವಳನ್ನು ಕಂಡರೆ ಮೊಬೈಲ್ ಕಿವಿಗೆ ಹಿಡಿದು ಹೊರಗೆ ಹೋಗತೊಡಗಿದ. ಆಗಾಗ ಕೆಂಪಾಗುವ ಟಿ.ವಿ. ಅತಿಥಿಗಳಿಗೆ ತೋರಿಸಲು ಯೋಗ್ಯವಲ್ಲವೆಂದು ಅದನ್ನು ಕೆಳಗೆ ರೋಗಿಗಳು ಕೂರುವ ಹಾಲಿಗೆ ಸಾಗಿಸಿದ. ಅಲ್ಲೀಗ ಅದರಲ್ಲಿ ಧಾರಾವಾಹಿಗಳು ಬರುತ್ತವೆ.

ದೀಪಾವಳಿಯ ಮುಂದೆ ಗುಲ್ನಾರ ಯಾವುದೋ ಕೆಲಸಕ್ಕೆ ಸವಣೂರಿಗೆ ಹೋದಾಗ ಹುಚ್ಚವ್ವ ಅದೇ ಬೆಂಚಿನಲ್ಲಿದ್ದಳು. ಹುಬ್ಬಳ್ಳಿಯಲ್ಲಿ ರಟ್ಟೆಗೆ ರಾಡು ಹಾಕಿದ್ದರು. ಎಲುಬು ಕೂಡಿದೆಯೇ ನೋಡಲು ಮತ್ತೊಂದು ಚಿತ್ರ ಬೇಕಿತ್ತು. ಈ ಸಲ ತೋಳನ್ನು ಎದೆಗೆ ಕಟ್ಟಿರಲಿಲ್ಲ. ಮಡಿಲಲ್ಲಿ ಒಂದು ದೊಡ್ಡ ಕೈಚೀಲ, ಅದರೊಳಗೆ ಬುತ್ತಿ, ನೀರಿನ ಬಾಟಲಿ, ಎಲೆ ಅಡಿಕೆ. ಸವಿತಾ ಚೀಟಿ ಮಾಡಿಸಲು ಹೋಗಿದ್ದಳು.

“ಆರಾಮ ಅದೀರೇನ್ರಿ ಅಜ್ಜಿ?” ಎಂದು ಗುಲ್ನಾರ ಕೇಳಿದಳು.

ಹುಚ್ಚವ್ವ ಗುರುತು ಹಿಡಿಯಲು ಒಂದು ಗಳಿಗೆ ತೆಗೆದುಕೊಂಡಳು. ಹಿಡಿದ ಮೇಲೆ ಮುಖ ಗಂಟಾಯಿತು. ಗುಲ್ನಾರ ಹೋಗಲೋ ನಿಲ್ಲಲೋ ಎಂದು ತಿಳಿಯದೆ ನಿಂತಿದ್ದಾಗ ಶಾಹಬಾಜ ಒಳಗಿನಿಂದ ಹೆಸರು ಕೂಗಿದ. ಮುದುಕಿ ಒಂದೇ ಕೈಯೂರಿ ಎದ್ದಳು. ಚೀಲ ಎಲ್ಲಿಡುವುದೆಂದು ಸುತ್ತ ನೋಡಿದಳು. ನೆಲ ಒದ್ದೆಯಿತ್ತು.

“ಹಿಡಿ ಇದನ್ನ,” ಎಂದು ಚೀಲವನ್ನು ಗುಲ್ನಾರಳ ಎದೆಗೆ ದಬ್ಬಿದಳು. “ಸುಮ್ಮನ ಕುಂದ್ರಾಕ ಬರ್ತೈತಲ್ಲ ನಿನಗ. ಕುಂದ್ರು.”

ಗುಲ್ನಾರ ಕೂತಳು. ಚೀಲ ಭಾರವಿತ್ತು, ಬುತ್ತಿಯ ಎಣ್ಣೆ ಅಂಗೈಗೆ ಹತ್ತಿತು. ಹಾನಗಲ್ಲಿನಿಂದ ಫೋನು ಬಂದು ಬಂದು ನಿಂತಿತು. ಸವಿತಾ ಚೀಟಿ ಹಿಡಿದು ಬಂದು, ಇದೇನ್ರಿ ನೀವು ಯಾಕ ಹಿಡಕೊಂಡು ಕುಂತ್ರಿ, ಕೊಡ್ರಿ ಇಲ್ಲಿ ಎಂದಳು. ಇರಲಿ ಬಿಡ್ರಿ, ಎಂದು ಗುಲ್ನಾರ ಮುಚ್ಚಿದ ಬಾಗಿಲ ಕಡೆ ನೋಡುತ್ತ ಚೀಲವನ್ನು ಹಾಗೇ ತಬ್ಬಿ ಕೂತಳು. ಒಳಗಿನಿಂದ ಶಾಹಬಾಜನಿಗೆ ಬೈಯುವುದು ಕೇಳುತ್ತಿತ್ತು. ನೋವಿನ ಕೂಗು ಮಾತ್ರ ಇರಲಿಲ್ಲ.